ಬೇಲಿಯಾಚೆಯ ಮಣ್ಣು

ನಮ್ಮೂರ ಶಾಲೆ ಮೈದಾನದಲ್ಲಿ ಶಾಮಿಯಾನ ಹಾಕಿ, 'ಸಾರ್ವಜನಿಕ ಅಹವಾಲು ಸಭೆ' ಎಂದು ಬ್ಯಾನರ್ ಕಟ್ಟಿದ್ದರು. ಅಹವಾಲು ಕೇಳುವ ಮೊದಲೇ ಕೇಸರಿಬಾತ್ ಹಂಚಿದರು. ಬಾಯಿ ತುಂಬಿದ್ದರೆ ಜನ ಮಾತಾಡುವುದಿಲ್ಲ ಅಂತ ಸರ್ಕಾರಕ್ಕೆ ಯಾರು ಹೇಳಿಕೊಟ್ಟರೋ! ನನಗೆ ಮೈಯೆಲ್ಲ ಉರಿಯಿತು.

ಕೂಟಗಲ್ ರಸ್ತೆಯಲ್ಲಿ ಒಂದು ಫ್ಯಾಕ್ಟರಿ ಇತ್ತು. ಮಸಾಲೆ ಸಾಮಾನು ಕೆಡದಿರಲಿ ಅಂತ ಅದಕ್ಕೆ ವಿಕಿರಣ ಹಾಯಿಸುತ್ತಿದ್ದರು. ಆ ವಿಕಿರಣದ ವಸ್ತು ಸೋರಿ ನೆಲ ಕೆಟ್ಟಿತು, ಮಾಲೀಕ ಬಾಗಿಲು ಹಾಕಿಕೊಂಡು ಪರಾರಿಯಾದ. ಸರ್ಕಾರ ಸುತ್ತ ಬೇಲಿ ಹಾಕಿಸಿ, ಕೆಟ್ಟ ಮಣ್ಣನ್ನು ಅಗೆದು ಸಾಗಿಸುವ ಕೆಲಸವನ್ನು ಮುತ್ತುರಾಜು ಎಂಬ ಕಂಟ್ರಾಕ್ಟರ್‌ಗೆ ಕೊಟ್ಟಿತು. ಅವನು ದೂರ ಸಾಗಿಸುವ ಬದಲು ನಮ್ಮ ಬತ್ತಿದ ಕೆರೆಯೊಳಗೆ ಸುರಿದ. ಮೇಲ್ವಿಚಾರಣೆಗೆ ಬಂದವರು ಜೀಪಿನಿಂದಿಳಿದು ಖಾಲಿ ಗುಂಡಿಯ ಫೋಟೋ ತೆಗೆದುಕೊಂಡು ಹೋದರು. ಮಣ್ಣು ಎಲ್ಲಿ ಹೋಯಿತು ಎಂದು ಕೇಳಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು?

ನಮ್ಮ ಕಡೆ ಬೇಸಿಗೆಯಲ್ಲಿ ಕೆರೆಯ ಗೋಡುಮಣ್ಣು ಹೊಡೆದು ಹಿಪ್ಪುನೇರಳೆ ತೋಟಕ್ಕೆ ಹರಡುವುದು ತಲೆತಲಾಂತರದ ಪದ್ಧತಿ. ಕೆರೆಯಲ್ಲಿ ಬಿದ್ದದ್ದು ಊರಿನ ಸ್ವತ್ತು, ಯಾರೂ ಯಾರನ್ನೂ ಕೇಳುವುದಿಲ್ಲ. ಅದು ಫ್ಯಾಕ್ಟರಿಯ ಮಣ್ಣೆಂದು ಆಗ ಯಾರಿಗೆ ಗೊತ್ತಿತ್ತು? ಸಡಿಲ ಮಣ್ಣಿನ ಗುಡ್ಡೆ ಕಂಡರೆ ಬಿಡುತ್ತೇವೆಯೇ? ನನ್ನ ಗಂಡ ಬೋರಲಿಂಗಯ್ಯ ಹೊಡೆಸಿದ, ಊರವರೂ ಹೊಡೆಸಿದರು. ಮುತ್ತುರಾಜು ಕೆರೆ ಏರಿ ಮೇಲೆ ನಿಂತು, "ತಗೊಂಡೋಗ್ರಲಾ, ಒಳ್ಳೆ ಮಣ್ಣು ಕಣ್ರಲಾ," ಎಂದು ನಕ್ಕನಂತೆ. ಥೂ, ಅವನ ಮುಖಕ್ಕಿಷ್ಟು!

ಕಳೆದ ವಾರ ತೋಟದಲ್ಲಿ ಕಳೆ ಕೀಳುವಾಗ ಹಳದಿ ಪ್ಲಾಸ್ಟಿಕ್ ಪಟ್ಟಿಯೊಂದು ಕೈಗೆ ಸಿಕ್ಕಿತು. ಮೇಲೆ ಮೂರು ರೆಕ್ಕೆಯ ಫ್ಯಾನಿನಂಥ ಗುರುತು. ಫ್ಯಾಕ್ಟರಿಯ ಬೇಲಿಗೆ ಕಟ್ಟಿದ್ದ ಪಟ್ಟಿಯೇ. ಅವತ್ತಿನಿಂದ ನನಗೆ ಅನ್ನ ಸೇರಿಲ್ಲ. ನನ್ನ ಸೊಸೆ ಸಿಂಧು ಏಳು ತಿಂಗಳ ಬಸುರಿ. ಬೇಸಿಗೆಯಿಂದಲೂ ರೇಷ್ಮೆಹುಳುವಿಗೆ ಆ ತೋಟದಲ್ಲೇ ಸೊಪ್ಪು ಕುಯ್ದವಳು. ಇನ್ನು ತೋಟಕ್ಕೆ ಕಾಲಿಡಬೇಡ ಎಂದು ತಡೆದೆ. ನಮ್ಮ ಮಣ್ಣಿಗೆ ಒಂದು ಸಲ ವಿಕಿರಣ ಅಳೆಯುವ ಮೀಟರ್ ಹಿಡಿದು ನೋಡಲಿ, ಅಷ್ಟೇ ನನ್ನ ಅಹವಾಲು.

ಬೆಂಗಳೂರಿಂದ ಬಂದ ಅಧಿಕಾರಿ ಮೈಕ್ ಹಿಡಿದು, ಜಾಗ ಪೂರ್ತಿ ಶುದ್ಧವಾಗಿದೆ, ಸಾರ್ವಜನಿಕರ ಸಹಭಾಗಿತ್ವವೇ ಇದಕ್ಕೆ ಕಾರಣ ಎಂದ. ಸಹಭಾಗಿತ್ವವಂತೆ! ನಾವೇ ಟ್ರ್ಯಾಕ್ಟರ್ ತಂದು ಅವರ ಹೊಲಸು ಹೊತ್ತದ್ದಕ್ಕೆ ಇಟ್ಟ ಹೆಸರು.

ನಾನು ಎದ್ದು ನಿಂತೆ. "ಸ್ವಾಮಿ, ನೀವು ಅಗೆದ ಮಣ್ಣು ನಮ್ ತೋಟದಾಗೈತೆ. ಮೀಟ್ರು ತಂದು ಒಸಿ ನೋಡಿ."

"ನಮ್ಮ ಯೋಜನೆ ಬೇಲಿಯೊಳಗೆ ಮಾತ್ರ, ಅಮ್ಮ. ಆಚೆಯದು ನಮಗೆ ಬರಲ್ಲ."

"ನನ್ ಸೊಸೆ ಬಸ್ರಿ ಅವ್ಳೆ. ಅವ್ಳಿಗೇನಾರ ಆದ್ರೆ?"

"ಏನೂ ಆಗಲ್ಲ. ಆ ಮಣ್ಣಿಂದ ಯಾವ ಅಪಾಯವೂ ಇಲ್ಲ. ಸುಮ್ಮನೆ ಭಯ ಹಬ್ಬಿಸಬೇಡಿ."

ಮುಂದಿನ ಸಾಲಿನಲ್ಲಿದ್ದ ಮುತ್ತುರಾಜು ತಲೆಯಾಡಿಸಿದ. ಇವರ ಉತ್ತರ ಇಂಥದ್ದೇ ಎಂದು ಗೊತ್ತಿದ್ದು ನಾನೂ ತಯಾರಾಗಿಯೇ ಬಂದಿದ್ದೆ. ಕಪ್ಪಗೆ ಮಾಗಿದ ಹಿಪ್ಪುನೇರಳೆ ಹಣ್ಣಿನ ತಟ್ಟೆಯನ್ನು ಮೇಜಿನ ಮೇಲಿಟ್ಟೆ.

"ಊರಿಗೆ ಬಂದೋರ್ನ ಬರಿಬಾಯಲ್ಲಿ ಕಳಿಸ್ಬಾರ್ದು. ತಿನ್ನಿ ಸ್ವಾಮಿ."

ಅಧಿಕಾರಿ ನಾಲ್ಕು ಹಣ್ಣು ಬಾಯಿಗೆ ಹಾಕಿಕೊಂಡು, ತುಂಬಾ ಸಿಹಿ ಎಂದ. ಮುತ್ತುರಾಜುವೂ ಎದ್ದು ಬಂದು ಹಿಡಿ ತುಂಬ ಮುಕ್ಕಿದ.

"ನಮ್ ತೋಟದ್ದೇಯ," ಎಂದೆ.

ಮೊದಲು ಮುತ್ತುರಾಜು ಉಗಿದ. ಅಧಿಕಾರಿ ಮೇಜಿನ ಬಿಳಿ ಬಟ್ಟೆಯ ಮೇಲೆಯೇ ಉಗಿದು, ಬಾಟಲಿ ನೀರು ಎತ್ತಿ ಬಾಯಿ ಮುಕ್ಕಳಿಸಿ, ಬೆರಳು ಹಾಕಿ ನಾಲಿಗೆ ಉಜ್ಜಿಕೊಂಡ.

"ಎದ್ರುಕಬ್ಯಾಡಿ. ಇದು ಕನಕಪುರದ ಕಡೆ ನನ್ ತವ್ರಿಂದ ತರ್ಸಿದ್ದು. ನಮ್ ತೋಟದ್ದ ನಾಯಿಗೂ ಆಕಾಕಿಲ್ಲ."

ಜನ ಹೋ ಎಂದು ನಕ್ಕರು. ಅಪಾಯವಿಲ್ಲ ಎಂದ ಬಾಯೇ ಉಗಿದಿತ್ತು, ಇನ್ಯಾವ ಮೀಟರ್ ಬೇಕು? ಗೆದ್ದೆ ಅನ್ನಿಸಿ ನಾನೂ ನಕ್ಕೆ.

ತಿರುಗಿ ನೋಡಿದರೆ, ನನ್ನ ಜೊತೆ ಬಂದಿದ್ದ ಸಿಂಧು ನಗುತ್ತಿರಲಿಲ್ಲ. ಹೊಟ್ಟೆ ಮೇಲೆ ಕೈಯಿಟ್ಟುಕೊಂಡು, ಅವರು ಉಗಿದದ್ದನ್ನೇ ನೋಡುತ್ತ ನಿಂತಿದ್ದಳು.

"ಅತ್ತೆ," ಎಂದಳು, "ಬಾಯಿ ಸಪ್ಪೆ ಅಂತ, ಸೊಪ್ಪು ಕುಯ್ಯೋವಾಗ ನಾನು ದಿನಾ ನಮ್ ತೋಟದ್ ಹಣ್ಣು ತಿಂತಿದ್ದೆ."