ಉರಿ ನಿಂತ ಅಂಗಾಲು

ಸೊಂಟಮಟ್ಟದ ನೀರಿನಲ್ಲಿ ನಿಂತು ಶೇಖರ ಬಲಗಾಲಿನಿಂದ ಕೆಸರನ್ನು ಇನ್ನೊಮ್ಮೆ ಕೆದಕಿದ. ಬಾರ್ಕೂರು ಹೊಳೆಯ ಇಳಿತ ಮುಗಿಯಲು ಇನ್ನು ಅರ್ಧ ಗಂಟೆಯಷ್ಟೇ ಉಳಿದಿತ್ತು. ಕಪ್ಪೆಚಿಪ್ಪು ಹೆಕ್ಕುವವರಿಗೆ ಕಣ್ಣು ಇರುವುದು ಅಂಗಾಲಿನಲ್ಲಿ. ಕಲಕಿದ ನೀರಿನಡಿ ಯಾವುದು ಕಲ್ಲು, ಯಾವುದು ಸತ್ತ ಚಿಪ್ಪು, ಯಾವುದು ಜೀವ ಇರುವುದು ಎಂದು ಕಾಲೇ ಹೇಳಬೇಕು. ಹೇಳಿದೊಡನೆ ಹೆಬ್ಬೆರಳ ಸಂದಿಯಲ್ಲಿ ಹಿಡಿದು ಮೇಲೆತ್ತಿದರಾಯಿತು. ಮೂವತ್ತು ವರ್ಷ ಶೇಖರನ ಕಾಲು ತಪ್ಪು ಹೇಳಿರಲಿಲ್ಲ. ಈ ಮಳೆಗಾಲ ಕಳೆದ ಮೇಲೆ ಅದು ಏನನ್ನೂ ಹೇಳುತ್ತಿರಲಿಲ್ಲ.

ಹತ್ತು ಮಾರು ಆಚೆ ಮಂಜಯ್ಯನ ದೋಣಿಯಲ್ಲಿ ಎರಡನೆಯ ಬುಟ್ಟಿ ತುಂಬುತ್ತಿತ್ತು.

"ಹ್ವಾಯ್ ಶೇಖರ, ಎಂತ, ಹೊಳಿ ಒಳಗೆ ಹೆಜ್ಜೆ ಕಲೀತ್ಯಾ? ಯಕ್ಷಗಾನದ ಮೇಳಕ್ಕ್ ಸೇರುಕಾ?" ಎಂದ ಮಂಜಯ್ಯ.

"ಚಿಪ್ಪೇ ಇಲ್ಲ ಮಾರಾಯ. ಮರಳ್ ತೆಗ್ದ್ ತೆಗ್ದ್ ಹೊಳಿ ಹಾಳಾಯ್ತ್."

"ಹಾಳಾದ್ದ್ ನಿನ್ನ ಬದಿಗ್ ಮಾತ್ರವಾ?"

ಶೇಖರ ನಗಲಿಲ್ಲ. ತಳವೂ ಮುಚ್ಚದ ಬುಟ್ಟಿಯನ್ನು ಎಳೆದುಕೊಂಡು ದಡದ ಕಲ್ಲುಮೆಟ್ಟಿಲು ಹತ್ತಿದ.

ಹೆಂಡತಿ ಮೂಕಾಂಬು ಬ್ರಹ್ಮಾವರದ ಸಂತೆಗೆ ಹೊರಡಲು ಅಲ್ಲಿ ಕಾದಿದ್ದಳು. ಬುಟ್ಟಿಯಲ್ಲಿದ್ದುದನ್ನು ಕಂಡು ಮುಖ ಸಣ್ಣದು ಮಾಡಿದಳು. ಆಮೇಲೆ ಅವಳ ಕಣ್ಣು ಮೆಟ್ಟಿಲ ಮೇಲೆ ಹೋಯಿತು. ಒಂದು ಬಿಟ್ಟು ಒಂದು ಮೆಟ್ಟಿಲಿನಲ್ಲಿ ಅರ್ಧ ಪಾದದ ಕೆಂಪು ಗುರುತು ಇತ್ತು. ಯಾರೋ ಮೀನು ಕೊಯ್ದಿರಬೇಕೆಂದು ಮೊದಲು ಅನ್ನಿಸಿತು. ಗುರುತುಗಳು ಗಂಡನ ಬಲಗಾಲಿನ ಬಳಿ ಬಂದು ನಿಂತಿದ್ದವು.

ಅವನನ್ನು ಕಲ್ಲಿನ ಮೇಲೆ ಕೂರಿಸಿ ಪಾದ ಎತ್ತಿ ನೋಡಿದಳು. ಬಂಡೆಗೆ ಅಂಟಿಕೊಂಡು ಬೆಳೆಯುವ ಹರಿತವಾದ ಚಿಪ್ಪಿನ ಚೂರೊಂದು ಹಿಮ್ಮಡಿಯ ಮುಂದೆ ಅರ್ಧ ಬೆರಳಿನಷ್ಟು ಒಳಹೊಕ್ಕಿತ್ತು. ಉಗುರು ಹಾಕಿ ಎಳೆದಳು. ಎಳೆಯುವಾಗ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಮಂಜಯ್ಯನ ದೋಣಿಯನ್ನು ನೋಡುತ್ತಿದ್ದ.

"ನೋವ್ ಆತಿಲ್ಯಾ ನಿಮ್ಗೆ?"

"ಎಂತದ್ ನೋವ್?" ಎಂದು ತಿರುಗಿದವನು ಅವಳ ಕೈಯಲ್ಲಿದ್ದ ಚೂರನ್ನೂ ತೊಟ್ಟಿಕ್ಕುತ್ತಿದ್ದ ರಕ್ತವನ್ನೂ ಕಂಡ. ಬೇರೆ ಯಾರದೋ ಕಾಲನ್ನು ನೋಡಿದಂತೆ ನೋಡಿದ. 

ಕಳೆದ ವರ್ಷವಿಡೀ ಮಲಗಿದರೆ ಸಾಕು, ಅವನ ಅಂಗಾಲು ಕೆಂಡ ತುಳಿದಂತೆ ಉರಿಯುತ್ತಿತ್ತು. ಉಷ್ಣವೆಂದು ಎಳನೀರು ಕುಡಿದ, ಹರಳೆಣ್ಣೆ ತಿಕ್ಕಿಸಿಕೊಂಡ. ಬಾಯಾರುವುದೂ ಉಷ್ಣಕ್ಕೆ, ರಾತ್ರಿ ನಾಲ್ಕು ಸಲ ಎದ್ದು ಹೊರಗೆ ಹೋಗುವುದು ಎಳನೀರಿಗೆ ಎಂದು ಅವನೇ ತೀರ್ಮಾನಿಸಿಕೊಂಡಿದ್ದ. ಅಂಗಿ ಸಡಿಲವಾದದ್ದನ್ನು ಮೂಕಾಂಬು ಎರಡು ಸಲ ಹೇಳಿ ಬಿಟ್ಟಿದ್ದಳು. ಈ ವರ್ಷದ ಆಷಾಢ ಮುಗಿಯುವಷ್ಟರಲ್ಲಿ ಉರಿ ತಾನಾಗಿ ನಿಂತಿತು. ಎಣ್ಣೆ ಹಿಡಿಯಿತೆಂದು ಇಬ್ಬರೂ ಆನೆಗುಡ್ಡೆ ದೇವಸ್ಥಾನಕ್ಕೆ ಹೋಗಿ ಪಂಚಕಜ್ಜಾಯದ ಸೇವೆ ಮಾಡಿಸಿ ಬಂದಿದ್ದರು.

ಆ ದಿನ ಅವಳು ಸಂತೆಗೆ ಹೋಗಲಿಲ್ಲ. ಕಾಲಿಗೆ ಬಟ್ಟೆ ಸುತ್ತಿ ಅವನನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದಳು.  ಬಸ್ಸಿನಲ್ಲಿ ಶೇಖರನಿಗೆ ಅಣ್ಣನದೇ ನೆನಪು. ಅಣ್ಣನಿಗೂ ಸಣ್ಣ ಗಾಯವೇ ಆಗಿದ್ದು, ಕಿರುಬೆರಳಿನಲ್ಲಿ. ತೋರಿಸಲು ಹೋದಾಗ ಬೆರಳು ಕಪ್ಪಾಗಿತ್ತು. ಕೊನೆಗೆ ಬಲಗಾಲನ್ನು ಮಂಡಿಯ ಕೆಳಗೆ ತೆಗೆದರು. ಆಮೇಲೆ ಕೊಂಡ ಅವನ ಚಪ್ಪಲಿ ಜೋಡಿ ಈಗಲೂ ಜಗಲಿಯ ಬೆಂಚಿನ ಅಡಿ ಇತ್ತು: ಎಡಗಾಲಿನದು ಸವೆದು ತೂತಾದದ್ದು, ಬಲಗಾಲಿನದು ಅಂಗಡಿಯಿಂದ ತಂದ ಹಾಗೇ.

ಡಾಕ್ಟರ್ ಪ್ರೇಕ್ಷಾ ಚಿಕ್ಕ ವಯಸ್ಸಿನವಳು. ಗಾಯ ತೊಳೆದು, ಕಟ್ಟಿ, ನಂಜಿನ ಇಂಜೆಕ್ಷನ್ ಕೊಡಿಸಿದಳು. ಬೆರಳ ತುದಿ ಚುಚ್ಚಿ ರಕ್ತ ನೋಡಿದಳು. ಸಕ್ಕರೆ ಮುನ್ನೂರು ದಾಟಿತ್ತು. ಮನೆಯಲ್ಲಿ ಮತ್ತೆ ಯಾರಿಗಾದರೂ ಈ ಕಾಯಿಲೆ ಇತ್ತೇ ಎಂದು ಕೇಳಿದಾಗ ಶೇಖರ ಇಲ್ಲವೆಂದ. ಮೂಕಾಂಬು ಇತ್ತು ಎಂದಳು.

ಆಮೇಲೆ ಡಾಕ್ಟರು ಪೆನ್ನಿನಂಥ ಹಿಡಿಯ ತುದಿಗೆ ಸಿಕ್ಕಿಸಿದ ಒಂದು ಗಿಡ್ಡ ನೈಲಾನ್ ಎಳೆಯನ್ನು ತೆಗೆದಳು. ಗಾಳಕ್ಕೆ ಕಟ್ಟುವ ತಂಗೂಸಿಯೇ ಅದು ಎಂದು ಶೇಖರನಿಗೆ ಅನ್ನಿಸಿತು. ಮೊದಲು ಅವನ ಮುಂಗೈಗೆ ಒತ್ತಿ ತೋರಿಸಿದಳು. ಇರುವೆ ನಡೆದಂತೆ ಆಯಿತು.

"ಹೀಗೆ ಈ ಬಲಗಾಲಿಗೆ ಮುಟ್ತೇನೆ. ಕಣ್ಣು ಮುಚ್ಚಿ. ಗೊತ್ತಾದಾಗ ಹೂಂ ಅನ್ನಿ, ಅಷ್ಟೇ."

ಕಣ್ಣು ಮುಚ್ಚಿದ. ಫ್ಯಾನು ತಿರುಗುತ್ತಿತ್ತು. ಹೊರಗೆ ಯಾವುದೋ ಮಗು ಅಳುತ್ತಿತ್ತು. ಕಾಲಿನ ಕಡೆಯಿಂದ ಏನೂ ಬರಲಿಲ್ಲ. ಅವಳು ಇನ್ನೂ ಶುರು ಮಾಡಿಲ್ಲವೆಂದುಕೊಂಡ. ಆಗ ಅವಳ ಸ್ಟೂಲು ಕಿರ್ರೆಂದಿತು. ಬಗ್ಗಿರಬೇಕು. ಮುಟ್ಟುತ್ತಿರಬೇಕು.  ಇಲ್ಲವೆಂದರೆ ಬರೆದುಕೊಳ್ಳುತ್ತಾಳೆ, ಬರೆದ ಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾಳೆ, ಅಲ್ಲಿ ಅಣ್ಣನಿಗೆ ಮಾಡಿದ್ದನ್ನೇ ಮಾಡುತ್ತಾರೆ. ಸ್ಟೂಲು ಇನ್ನೊಮ್ಮೆ ಸದ್ದು ಮಾಡಿದಾಗ "ಹೂಂ" ಎಂದ. ಸ್ವಲ್ಪ ಬಿಟ್ಟು ಮತ್ತೆ ಸದ್ದಾಯಿತು. "ಹೂಂ." ಮತ್ತೊಮ್ಮೆ, ಈ ಸಲ ಸ್ವಲ್ಪ ಗಟ್ಟಿಯಾಗಿ, "ಹೂಂ."

"ಕಣ್ಣು ಬಿಡಿ, ಶೇಖರಣ್ಣ."

ನೈಲಾನ್ ಎಳೆ ಮೇಜಿನ ಮೇಲಿತ್ತು. ಅವಳ ಎರಡೂ ಕೈ ಮಡಿಲಲ್ಲಿದ್ದವು. ಮೂಕಾಂಬು ನೆಲ ನೋಡುತ್ತ ಸೆರಗಿನ ತುದಿಯನ್ನು ಸುರುಳಿ ಸುತ್ತುತ್ತಿದ್ದಳು.

"ನೀವು ಹೂಂ ಅಂದಾಗ ನಾನು ಮುಟ್ಲೇ ಇಲ್ಲ. ಮುಟ್ಟಿದಾಗ ಸುಮ್ನೆ ಇದ್ರಿ."

 ಶೇಖರ ಕಟ್ಟು ಹಾಕಿದ ಪಾದವನ್ನು ಹಿಂದಕ್ಕೆ ಎಳೆದುಕೊಂಡು ಕೇಳಿದ: "ತೆಗಿತ್ರಾ?"

"ಏನನ್ನ?"

"ಕಾಲ್."

ತೆಗೆಯುವಂಥದ್ದು ಇವತ್ತು ಏನೂ ಇಲ್ಲ ಎಂದಳು ಡಾಕ್ಟರು. ಗಾಯ ಹೊಸದು, ರಕ್ತ ಓಡಾಡುತ್ತಿದೆ, ಮಾಯುತ್ತದೆ. ಆಮೇಲೆ ನಿಧಾನವಾಗಿ ಹೇಳಿದಳು. ರಕ್ತದಲ್ಲಿ ಸಕ್ಕರೆ ಹೆಚ್ಚಾಗಿ ವರ್ಷಗಟ್ಟಲೆ ನಿಂತರೆ ನರಗಳು ಕೆಡುತ್ತವೆ, ಎಲ್ಲಕ್ಕಿಂತ ಉದ್ದದ ನರಗಳು ಮೊದಲು. ಅದಕ್ಕೇ ಪಾದದಿಂದ ಶುರು. ಕೆಡುತ್ತಿರುವಾಗ ಉರಿಯುತ್ತವೆ, ಜುಮ್ಮೆನ್ನುತ್ತವೆ. ಪೂರ್ತಿ ಕೆಟ್ಟ ಮೇಲೆ ಸುಮ್ಮನಾಗುತ್ತವೆ. ಉರಿ ನಿಂತದ್ದು ಗುಣವಾಗಿ ಅಲ್ಲ.

"ನಾವ್ ಪಂಚಕಜ್ಜಾಯ ಮಾಡ್ಸಿದ್ದ್," ಎಂದಳು ಮೂಕಾಂಬು, ಯಾರಿಗೂ ಅಲ್ಲದಂತೆ.

ಸ್ಪರ್ಶ ತಿರುಗಿ ಬರುತ್ತದೆಂದು ತಾನು ಹೇಳಲಾರೆ, ಆದರೆ ಕಾಲನ್ನು ಉಳಿಸಿಕೊಳ್ಳಬಹುದು ಎಂದಳು ಡಾಕ್ಟರು. ಮಾತ್ರೆ ತಪ್ಪಿಸಬಾರದು. ಬರಿಗಾಲಲ್ಲಿ ಅಂಗಳಕ್ಕೂ ಇಳಿಯಬಾರದು, ಹೊಳೆಯ ಮಾತು ಬಿಡಿ. "ಕಾಲು ಇನ್ನು ನಿಮಗೆ ಏನೂ ಹೇಳೋದಿಲ್ಲ. ದಿನಾ ನೀವೇ ನೋಡ್ಬೇಕು. ಬೆರಳ ಸಂದಿನೂ ಬಿಡ್ಬಾರ್ದು."

ಸಂಜೆ ಬೆಳಕು ಇರುವಾಗಲೇ ಮೂಕಾಂಬು ಜಗಲಿಗೆ ಕನ್ನಡಿ ತಂದಳು. ಗೋಡೆಗೆ ಒರಗಿ ಕುಳಿತ ಅವನ ಎಡಗಾಲನ್ನು, ಗಾಯವಿಲ್ಲದ್ದನ್ನು, ಮಡಿಲಿಗೆ ಎಳೆದುಕೊಂಡು ಸಂದಿ ಸಂದಿ ಬಿಡಿಸಿ ನೋಡಿದಳು. ಹೊಳೆಯಲ್ಲಿ ಭರತ ಏರುತ್ತಿತ್ತು. ನೀರು ಮೂರನೆಯ ಮೆಟ್ಟಿಲಿಗೆ ಬಂದು, ಬೆಳಗಿನ ಗುರುತುಗಳು ಇದ್ದಲ್ಲಿ ತಡವರಿಸುತ್ತಿತ್ತು.

ಶೇಖರ ತಾನಾಗಿ ಕಣ್ಣು ಮುಚ್ಚಿದ.

"ಈ ಕಾಲ್ ಸರಿ ಇದ್ದೀತ್. ನೀ ಒಂಚೂರ್ ಮುಟ್ಟಿ ಕಾಣ್," ಎಂದ. "ಸುಳ್ ಹೇಳುದಿಲ್ಲ."

 ಅವನು ಕಾದ. ದೂರದಲ್ಲಿ ಮಂಜಯ್ಯನ ದೋಣಿಗೆ ನೀರು ಬಡಿಯುವ ಸದ್ದು ಕೇಳುತ್ತಿತ್ತು.

"ಮುಟ್ಟ್ ಮಾರಾಯ್ತಿ," ಎಂದ, ಇನ್ನೂ ಕಣ್ಣು ಮುಚ್ಚಿಕೊಂಡೇ.

ಅವನ ಅಂಗಾಲಿಗೆ ಅಗಲವಾಗಿ ಒತ್ತಿ ಹಿಡಿದಿದ್ದ ಅಂಗೈಯನ್ನು ಮೂಕಾಂಬು ತೆಗೆಯಲಿಲ್ಲ.