ಆರೂವರೆ ಗಂಟೆಯ ದೂರ

ಕನ್ನಡಕದ ಅಂಗಡಿಯವನು ಮಗಳಿಗೆ ಹೇಳಿದ ಮೊದಲ ಸುಳ್ಳು ತೀರಾ ಸಣ್ಣದು. ಹೆಂಡತಿ ಅವನಿಂದ ಬೇರೆಯಾಗಿ, ಮಗುವನ್ನು ಕಟ್ಟಿಕೊಂಡು ಸಮುದ್ರದಾಚೆಯ ತವರಿಗೆ ಹೋಗಿದ್ದಳು. ಯಾವಾಗ ಬರ್ತೀಯ ಎಂದು ಫೋನಿನಲ್ಲಿ ಕೇಳಿದ ಐದು ವರ್ಷದ ಗುಬ್ಬಿಗೆ, ಬಹಳ ದೂರ ಕಂದ, ಮೂರು ವಿಮಾನ ಬದಲಾಯಿಸಬೇಕು, ಎರಡು ದಿನ ಹಿಡಿಯುತ್ತೆ ಎಂದುಬಿಟ್ಟ. ಆ ಗಳಿಗೆಗೆ ಬಾಯಿಗೆ ಬಂದ ಮಾತು ಆಮೇಲೆ ಅಭ್ಯಾಸವಾಯಿತು. ಅವನು ಮತ್ತೆ ಮದುವೆಯಾದ, ಮಗ ಹುಟ್ಟಿದ, ಅಂಗಡಿ ಕೈಹಿಡಿಯಿತು. ಗುಬ್ಬಿಯ ಪ್ರತಿ ಹುಟ್ಟುಹಬ್ಬಕ್ಕೂ ಆ ದೂರವೇ ನೆಪ.

ಒಂದು ಮಧ್ಯಾಹ್ನ ಅವನು ಗಿರಾಕಿಯ ಫ್ರೇಮಿಗೆ ಗಾಜು ಕೂರಿಸುತ್ತಿದ್ದಾಗ ಗುಬ್ಬಿಯ ಫೋನ್ ಬಂತು. ಶಾಲೆಯಲ್ಲಿ ಭೂಗೋಳದ ಮೇಲೆ ದಾರವಿಟ್ಟು ಎರಡು ಊರುಗಳ ನಡುವಿನ ದೂರ ಅಳೆಯಲು ಹೇಳಿದ್ದರಂತೆ. ಉಳಿದ ಮಕ್ಕಳು ಯಾವ್ಯಾವುದೋ ರಾಜಧಾನಿ ಹಿಡಿದರೆ, ಇವಳು ತನ್ನೂರನ್ನೂ ಅಪ್ಪನ ಊರನ್ನೂ ಹಿಡಿದಿದ್ದಳು.

"ಐದು ಸಾವಿರ ಕಿಲೋಮೀಟರ್ ಅಷ್ಟೇ ಅಪ್ಪ. ನೇರ ವಿಮಾನ ಇದೆ, ಆರೂವರೆ ಗಂಟೆ. ನಿನಗೆ ಯಾರೋ ತಪ್ಪು ವಿಮಾನ ಹೇಳಿದಾರೆ. ಸರಿಯಾದದ್ದು ಹೇಳ್ತೀನಿ, ಬರ್ಕೊ."

ದನಿಯಲ್ಲಿ ಎಳ್ಳಷ್ಟೂ ದೂರಿರಲಿಲ್ಲ. ಅವನು ವಿಧೇಯನಾಗಿ ಬರೆದುಕೊಂಡ. ಗಿರಾಕಿ ಕೆಮ್ಮಿದಾಗಲೇ ಅವನಿಗೆ ಎಚ್ಚರ.

ಮನೆಯಲ್ಲಿ ಈಗಿನ ಹೆಂಡತಿಗೆ ವಿಷಯ ತಿಳಿಸಿದ. "ನನಗೂ ಎರಡು ದಿನ ಅಂತಲೇ ಹೇಳಿದ್ರಲ್ಲ," ಎಂದಳು ಅವಳು. ಅದು ಅವನಿಗೆ ಮರೆತೇ ಹೋಗಿತ್ತು. ಅವಳು ಎದ್ದು ಅಟ್ಟದಿಂದ ಪೆಟ್ಟಿಗೆ ಇಳಿಸಿದಳು.

ವಿಮಾನದಲ್ಲಿ ಒಂದು ಊಟ, ಅರ್ಧ ಸಿನಿಮಾ, ಒಂದು ಜೋಂಪು. ಎದುರಿನ ಪರದೆಯಲ್ಲಿ ಉಳಿದ ದೂರ ಸರಸರ ಕರಗುತ್ತಿತ್ತು. ಇನ್ನಷ್ಟು ದೂರವಿರಬಾರದಿತ್ತೇ ಎಂದು ಮನಸ್ಸು ಬೇಡಿತು; ಇಷ್ಟು ಹತ್ತಿರವಿದ್ದುದೇ ಅವನಿಗೆ ಸಹಿಸಲಾಗುತ್ತಿರಲಿಲ್ಲ.

ವಿಮಾನ ನಿಲ್ದಾಣದ ಹೊರಬಾಗಿಲಲ್ಲಿ ತಾಯಿಯ ಪಕ್ಕ ಗುಬ್ಬಿ ನಿಂತಿದ್ದಳು. ಹನ್ನೊಂದು ತುಂಬಿದ ಹುಡುಗಿ, ತಾಯಿಯ ಭುಜದೆತ್ತರ. ಬರುವವರ ಮುಖಗಳನ್ನು ಕಣ್ಣು ಕಿರಿದು ಮಾಡಿ ಹುಡುಕುತ್ತಿದ್ದಳು. ಅವನು ಎದುರಿಗೇ ಬರುತ್ತಿದ್ದರೂ ಗುರುತು ಹತ್ತಲಿಲ್ಲ. ಅವಳಿಗೆ ದೂರದ್ದು ಕಾಣುತ್ತಿಲ್ಲವೆಂದು ಅವನಿಗೆ ನೋಡಿದೊಡನೆ ತಿಳಿಯಿತು. ದಿನಕ್ಕೆ ಹತ್ತು ಜನರ ಕಣ್ಣು ನೋಡುವವನು.

ಗುಬ್ಬಿಯ ತಾಯಿ ನಿಧಾನಕ್ಕೆ, ಅವನಿಗಷ್ಟೇ ಕೇಳುವಂತೆ ಹೇಳಿದಳು: "ಇಷ್ಟು ವರ್ಷ ನಾನೂ ಬಾಯಿ ಬಿಡಲಿಲ್ಲ. ಅಪ್ಪನಿಗೆ ನಾನು ಬೇಡ ಅಂತ ಅವಳು ಅಂದ್ಕೊಳ್ಳೋದಕ್ಕಿಂತ, ದೂರ ಅಂದ್ಕೊಂಡಿರ್ಲಿ ಅಂತ."

ಅವಳು ಕಾರು ತರಲು ಹೋದಾಗ ಅವನು ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತ.

"ತಪ್ಪು ವಿಮಾನ ಯಾರೂ ಹೇಳಿರ್ಲಿಲ್ಲ ಗುಬ್ಬಿ. ನಾನೇ ಬರ್ಲಿಲ್ಲ."

"ಗೊತ್ತು," ಎಂದಳು ಅವಳು, ಚಪ್ಪಲಿಯ ತುದಿ ನೋಡುತ್ತ. "ಹಾಗಂದ್ರೆ ಬರ್ತೀಯೇನೋ ಅಂತ ಹೇಳ್ದೆ."

ಅವನು ಕೈ ಚಾಚಿದ. ಅವಳು ಆ ಕೈಗೆ ತನ್ನ ಶಾಲೆಯ ಚೀಲ ಕೊಟ್ಟಳು, ಕೈ ಕೊಡಲಿಲ್ಲ.

ಕಾರಿನಲ್ಲಿ ಅವಳು ಮುಂದೆ, ತಾಯಿಯ ಪಕ್ಕ ಕೂತಳು. ಅವನು ಹಿಂದೆ, ಚೀಲ ಮಡಿಲಲ್ಲಿಟ್ಟುಕೊಂಡು. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅವಳು ಅರ್ಧ ತಿರುಗಿ, ನಾಳೆ ಶಾಲೆಗೆ ನೀನೇ ಬಿಡ್ತೀಯಾ ಎಂದು ಕೇಳಿದಳು.

ಬಿಡ್ತೀನಿ ಎಂದ. ಅವಳು ಯಾವ ತರಗತಿಯೆಂದು ಕೇಳಲು ಅವನಿಗೆ ನಾಚಿಕೆಯಾಯಿತು.