ತಗಚಿ ಹೂವಿನ ಪಾಂಡವರು

ದೀಪಾವಳಿ ಪಾಡ್ಯದ ಬೆಳಿಗ್ಗೆ ಸೊಸೆ ಸುಂದರವ್ವ ತಂದ ಹೂವಿನ ಬುಟ್ಟಿ ನೋಡಿದ್ದೇ ತಡ, ಕಾಶಿಬಾಯಿಯ ಪಿತ್ತ ನೆತ್ತಿಗೇರಿತು. ಹಬ್ಬಕ್ಕೆಂದು ಸಗಣಿಯಲ್ಲಿ ಮಾಡಿದ ಪಾಂಡವರು ಹೊಸ್ತಿಲ ಬಳಿ ಸಾಲಾಗಿ ಕೂತಿದ್ದರು. ಅವರ ತಲೆಗೆ ಏರಬೇಕಾದದ್ದು ಹೊನ್ನಾವರಿ ಹೂವು. ಬುಟ್ಟಿಯಲ್ಲಿದ್ದದ್ದು ಅದೇ ಬಣ್ಣದ ಕಳೆಹೂವು, ತಗಚಿ.

"ಹಳದಿ ಇದ್ದದ್ದೆಲ್ಲಾ ಹೊನ್ನಾವರಿ ಏನ?" ಎಂದು ಎಲೆಯೊಂದನ್ನು ತಿಕ್ಕಿ ಸೊಸೆಯ ಮೂಗಿಗೆ ಹಿಡಿದಳು. "ಮೂಸು. ನಾರತೈತಿಲ್ಲೋ? ನಿಮ್ಮವ್ವ ಇಷ್ಟೂ ಕಲಿಸಿ ಕಳಿಸಲಿಲ್ಲ?"

"ಗೊತ್ತೈತ್ರಿ ಅತ್ತಿ. ದಿನ್ನಿ ಮ್ಯಾಲ ಹೊನ್ನಾವರಿ ಒಂದೂ ಉಳದಿಲ್ರಿ."

"ಸುಳ್ಳ ಬ್ಯಾರೆ ಹೇಳ್ತಿ. ಈ ಮನಿಗೆ ಬಂದಾಗಿಂದ ನಾ ಅಲ್ಲೇ ಹರಕೊಂಡ ಬರಾಕತ್ತೇನಿ. ನಾ ತರೂತನಾ ಪಾಂಡವರನ್ನ ಮುಟ್ಟಬ್ಯಾಡ."

ಬುಟ್ಟಿಯಲ್ಲಿದ್ದದ್ದನ್ನು ಅಂಗಳಕ್ಕೆ ಸುರುವಿ, ಕಾಶಿಬಾಯಿ ದುಮುಗುಡುತ್ತ ದಿನ್ನೆ ಹತ್ತಿದಳು. ಆಳೆತ್ತರದ ಹೊನ್ನಾವರಿ ಗಿಡಗಳೆಲ್ಲ ಬುಡದ ತನಕ ತೊಗಟೆ ಸುಲಿಸಿಕೊಂಡು ಒಣಗಿ ನಿಂತಿದ್ದವು. ಒಂದು ಮೊಗ್ಗೂ ಇರಲಿಲ್ಲ. ತೊಗಲು ಹದ ಮಾಡುವವರು ಈ ತೊಗಟೆ ಕೊಳ್ಳುತ್ತಾರೆ. ಮಾರಿದವನು ಯಾರೆಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಹಿಂದಿನ ತಿಂಗಳು ಗಂಡ ರೇವಣಪ್ಪ ಚಕ್ಕಡಿ ತುಂಬ ಚೀಲ ಹೇರಿಕೊಂಡು ಇಂಡಿಗೆ ಹೋದವನು, ರೇಡಿಯೋ ಹಿಡಿದುಕೊಂಡು ಬಂದಿದ್ದ.

ಅವಳು ಮನೆಗೆ ಮರಳಿದಾಗಲೂ ಅದನ್ನೇ ಕಿವಿಗೆ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತಿದ್ದ. ಹೆಂಡತಿಯ ಖಾಲಿ ಬುಟ್ಟಿ ನೋಡಿದ.

"ಅಡವಿ ಗಿಡ, ಯಾರಪ್ಪಂದು? ಮುಂದಿನ ವರ್ಷ ಚಿಗೀತಾವ ತಗೋ," ಎಂದ.

ಕಾಶಿಬಾಯಿ ಓಣಿಗೆಲ್ಲ ಕೇಳುವಂತೆ ಸೊಸೆಯನ್ನು ಕೂಗಿದಳು.

"ಸುಂದರವ್ವಾ, ಆ ತಗಚಿ ಆರಿಸಿ ತಂದು ನೀನೇ ಏರಸು. ಯಾಕ ಅಂತ ಕೇಳಿದವರಿಗೆ ನಿಮ್ಮ ಮಾವನ್ನ ತೋರಸು."